ಹೊಲಿಗೆಯಕ್ಕನ ಬ್ರೇಕು

ಜನ ಹಾರ್ನ್ ಹೊಡೆಯುವುದು ಮುಂದೆ ಹೋಗಲಿಕ್ಕೆ. ಎದುರಿಗಿರುವವನು ಸರಿಯಲಿ, ತಮಗೆ ದಾರಿ ಸಿಗಲಿ ಎಂದು ಹೊಡೆಯುತ್ತಾರೆ. ಕೆಲವರು ಕೈಗೆ ಬೇರೆ ಕೆಲಸವಿಲ್ಲ ಎಂದೂ ಹೊಡೆಯುತ್ತಾರೆ. ಆದರೆ ಗಾಡಿ ನಿಲ್ಲಲಿ ಎಂದು ಹಾರ್ನ್ ಒತ್ತಿದವಳು ಈ ಭೂಮಿಯ ಮೇಲೆ ನಮ್ಮ ಹೊಲಿಗೆಯಕ್ಕ ಒಬ್ಬಳೇ ಇರಬೇಕು. ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿದು ಕೂತಿದ್ದಳು. ಗಂಡ ಪಕ್ಕದಿಂದ "ನಿಲ್ಸು, ನಿಲ್ಸೇ!" ಎಂದು ಕೂಗಿದ ಕೂಡಲೇ ಎರಡೂ ಕಾಲು ಎತ್ತಿ, ಬಲಗೈಯನ್ನು ಸ್ಟೀರಿಂಗಿನ ನಡುಮಧ್ಯಕ್ಕೆ ಬಲವಾಗಿ ಒತ್ತಿದಳು. ವ್ಯಾನು ಪೋಂ ಎಂದು ಅರಚಿಕೊಂಡೇ ಹೋಗಿ, ಮೈದಾನದ ಮೂಲೆಯ ಮರಳು ರಾಶಿಗೆ ಮೂಗು ತೂರಿಸಿ ನಿಂತಿತು.

ಮುಂದಿನದು ಇನ್ನೂ ಚೆಂದ. ಗಂಡನಿಗೆ ಇನ್ನು ಗಾಡಿ ಓಡಿಸಲೇಬಾರದು ಎಂದು ಕಣ್ಣಿನ ಡಾಕ್ಟರು ಹೇಳಿ ಹನ್ನೊಂದು ದಿನವಾಗಿತ್ತು. ಹೆಂಡತಿಗೆ ಓಡಿಸಲು ಬರುತ್ತಿರಲಿಲ್ಲ. ಅವರನ್ನು ಅಲ್ಲಿಗೆ ತಂದು ಬಿಟ್ಟಿದ್ದ ಪಕ್ಕದ ಮನೆಯ ಪೇಂಟರ್ ಟೀ ಕುಡಿಯಲು ಹೋಗಿದ್ದ. ಅವನು ಬರುವ ತನಕ ಗಂಡಹೆಂಡತಿ ಮರಳಿನ ಮೇಲೆ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು. "ಹಾರ್ನ್ ಹೊಡೆದ್ರೆ ಗಾಡಿ ನಿಲ್ಲುತ್ತೇನೇ?" ಎಂದು ಅವನು ಮೂರು ಸಲ ಕೇಳಿದ. "ಕಿರುಚಿದ್ರೆ ಕಲಿಯೋಕಾಗುತ್ತೇನ್ರೀ?" ಎಂದು ಅವಳು ಒಂದೇ ಸಲ ಕೇಳಿದಳು. ಗಂಡನ ಹತ್ತಿರ ಡ್ರೈವಿಂಗ್ ಕಲಿಯುವ ವಿಚಾರ ಅಲ್ಲಿಗೆ ಮುಗಿಯಿತು. ಮದುವೆ ಉಳಿಯಬೇಕಲ್ಲ.

ಹೊಲಿಗೆಯಕ್ಕನ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಹಳೆಯ ಮೆಷಿನ್ನು, ಅದರ ಎಡಕ್ಕೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಕಪಾಟಿನಲ್ಲಿ ಗಂಟುಗಂಟಾಗಿ ಆಸ್ಪತ್ರೆಯ ಬಟ್ಟೆ. ಊರಿನ ಆಸ್ಪತ್ರೆಯಿಂದ ಹರಿದ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಗೌನುಗಳನ್ನು ಪ್ರತಿ ಸೋಮವಾರ ಮತ್ತು ಗುರುವಾರ ತಂದು, ಹೊಲಿದು, ಮುಂದಿನ ಸಲ ಹೋಗುವಾಗ ವಾಪಸು ಕೊಡುವುದು ಈ ಇಬ್ಬರ ಇಪ್ಪತ್ತು ವರ್ಷದ ಕಸುಬು. ಹೊಲಿಯುವವಳು ಅವಳು, ಹೊರುವುದು ವ್ಯಾನು, ವ್ಯಾನು ಓಡಿಸುವವನು ಅವನು. ಮೂರರಲ್ಲಿ ಒಂದು ಕೈಕೊಟ್ಟರೂ ಕಸುಬು ಮಲಗಿದ ಹಾಗೆ.

ಕೈಕೊಟ್ಟದ್ದು ಅವನ ಕಣ್ಣು. ಕಣ್ಣಿನ ನರದ ತೊಂದರೆ. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ದಿನಾ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. "ಎದುರಿಗಿರೋದು ಚೆನ್ನಾಗೇ ಕಾಣುತ್ತೆ ಕಣೇ, ಪಕ್ಕದಲ್ಲಿರೋದು ಮಾತ್ರ ಕಾಣಲ್ವಂತೆ" ಎಂದು ಅವನು ಮನೆಗೆ ಬಂದು ಹೇಳಿದಾಗ ಅವಳು, "ಮದುವೆ ಆದಾಗಿಂದ ಹಾಗೇ ಅಲ್ವೇನ್ರೀ" ಎಂದುಬಿಟ್ಟಳು. ಅವನು ನಕ್ಕ. ನಕ್ಕು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟಕ್ಕೆ ಎಬ್ಬಿಸಿದರೆ ಎದ್ದ, ಉಂಡ, ಮತ್ತೆ ಮಲಗಿದ. ಇಪ್ಪತ್ತು ವರ್ಷ ಬೆಳಿಗ್ಗೆ ಆರಕ್ಕೆ ವ್ಯಾನು ಒರೆಸುತ್ತಿದ್ದ ಮನುಷ್ಯ ಹಾಗೆ ಮಲಗಿದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ವ್ಯಾನು ಮಾರಿ ಅದು ಬೀದಿ ತಿರುಗಿ ಹೋಗುವುದನ್ನು ಇವನು ನೋಡಿದರೆ, ಆ ಗೋಡೆಯ ಕಡೆಯಿಂದ ಮತ್ತೆ ಈ ಕಡೆ ತಿರುಗುತ್ತಾನೋ ಇಲ್ಲವೋ ಎಂಬುದೇ ಅವಳ ಹೆದರಿಕೆ.

ಪೇಂಟರ್ ಒಳ್ಳೆಯವನು. "ಎರಡು ತಿಂಗಳು ಸೋಮವಾರ ಗುರುವಾರ ನಾನು ಓಡಿಸ್ತೀನಿ ಅಕ್ಕ. ಆಮೇಲೆ ದೂರದ ಊರಿನ ಕೆಲಸ ಒಪ್ಕೊಂಡಿದೀನಿ, ಹೋಗಲೇಬೇಕು" ಎಂದ. ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಳ್ಳುವ ಮೇಡಂ ಕೂಡ ಕೆಟ್ಟವರಲ್ಲ. "ರೋಗಿಗಳನ್ನ ಬರೀ ಹಾಸಿಗೆ ಮೇಲೆ ಮಲಗಿಸೋಕಾಗಲ್ಲಮ್ಮ. ಎರಡು ತಿಂಗಳಲ್ಲಿ ನಿಮ್ಮ ಗಾಡಿಗೆ ಒಬ್ಬ ಡ್ರೈವರ್ ಆಗಬೇಕು. ಇಲ್ದಿದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ" ಎಂದರು. ಡ್ರೈವರನ್ನು ಸಂಬಳಕ್ಕಿಟ್ಟುಕೊಂಡರೆ ಹೊಲಿದದ್ದೆಲ್ಲ ಅವನಿಗೇ ಸರಿಹೋಗುತ್ತಿತ್ತು. "ನಾನೇ ಆಗ್ತೀನಿ ಮೇಡಂ" ಎಂದು ಹೊಲಿಗೆಯಕ್ಕ ಹೇಳಿ ಬಂದಳು. ಬೀದಿಯವರು ಸುಮ್ಮನಿರುತ್ತಾರೆಯೇ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದರು. ಮರವೇನೂ ಅವರನ್ನು ಕೇಳಿರಲಿಲ್ಲ.

ಮರಳು ರಾಶಿಯ ಪ್ರಸಂಗ ಆದದ್ದು ಇದರ ಮಾರನೆಯ ದಿನ. ಅದಾದ ಮೇಲೆ ಅವಳು ಡ್ರೈವಿಂಗ್ ಸ್ಕೂಲು ಹುಡುಕಲು ಹೊರಟಳು. ಬಟ್ಟೆ ಕೊಳ್ಳುವವರು ಮುಂಭಾಗದ ಹೊಳಪು ನೋಡುತ್ತಾರೆ. ಹೊಲಿಯುವವರು ತಿರುಗಿಸಿ ಒಳಮೈ ನೋಡುತ್ತಾರೆ. ಅವಳು ಸ್ಕೂಲನ್ನೂ ಹಾಗೇ ನೋಡುವುದೆಂದು ತೀರ್ಮಾನಿಸಿದಳು. ಹೋದ ಕಡೆಯೆಲ್ಲ ಒಂದೇ ಮಾತು ಕೇಳಿದಳು: "ದುಡ್ಡು ಕಟ್ಟೋ ಮುಂಚೆ, ಬೇರೆಯವರಿಗೆ ನೀವು ಹೇಳ್ಕೊಡೋವಾಗ ಹಿಂದಿನ ಸೀಟಲ್ಲಿ ಒಂದು ಸಲ ಕೂರ್ಲಾ?"

ದೊಡ್ಡ ರಸ್ತೆಯ ಸ್ಕೂಲಿನಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ, "ಹನ್ನೆರಡು ದಿನದಲ್ಲಿ ಗ್ಯಾರಂಟಿ" ಎಂಬ ಬೋರ್ಡು. ಹಿಂದೆ ಕೂತು ನೋಡಿದಳು. ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕಿತ್ತು, ಒಂದು ಕ್ಲಚ್ ಇತ್ತು. ಮೊಬೈಲ್ ನೋಡುತ್ತಲೇ ಅವನು ಎಲ್ಲವನ್ನೂ ತಾನೇ ಒತ್ತುತ್ತಿದ್ದ. ಕಲಿಯಲು ಬಂದಿದ್ದ ದಪ್ಪ ಮೀಸೆಯವರು ತಾವೇ ಓಡಿಸುತ್ತಿದ್ದೇವೆಂದು ಎದೆಯುಬ್ಬಿಸಿ ಕೂತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಅವಳು ಇಳಿದು ಬಂದಳು.

ಎರಡನೆಯದಕ್ಕೆ ಬೋರ್ಡೇ ಇರಲಿಲ್ಲ. ಒಬ್ಬ ಅರವತ್ತೆರಡರ ಮುದುಕ, ಒಂದು ಹಳೆಯ ಕಾರು. ಮೂವತ್ತು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತನಾದವನು. ಬದುಕಿಡೀ ಜೋರಾಗಿ ಓಡಿಸಿದ ಈ ಮನುಷ್ಯನ ಬಾಯಿಂದ ಕಲಿಸುವಾಗ "ಮೆಲ್ಲಗೆ" ಎಂಬುದೊಂದೇ ಮಾತು ಬರುತ್ತಿದ್ದುದರಿಂದ ಜನ ಮೆಲ್ಲಗೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವತ್ತು ಒಬ್ಬ ನರ್ಸ್ ಕಲಿಯುತ್ತಿದ್ದಳು. ನಾಲ್ಕು ರಸ್ತೆ ಕೂಡುವಲ್ಲಿ ಅವಳ ಕೈಯಲ್ಲಿ ಕಾರು ಏಳು ಸಲ ಆಫ್ ಆಯಿತು. ಹಿಂದಿನ ಗಾಡಿಗಳೆಲ್ಲ ಕೂಗಲು ಶುರುಮಾಡಿದವು. ಮೇಷ್ಟ್ರು ಮಡಿಲಲ್ಲಿಟ್ಟ ಕೈ ಎತ್ತಲಿಲ್ಲ. "ಅವ್ರಿಗೆ ಬಾಯಿದೆ, ಕೂಗ್ಲಿ. ನಿಮಗೆ ಕಾಲಿದೆ, ಮೆಲ್ಲಗೆ ಬಿಡಿ ತಾಯಿ" ಎಂದರು. ಎಂಟನೆಯ ಸಲಕ್ಕೆ ಕಾರು ಹೊರಟಿತು, ನರ್ಸ್ ಅಳುತ್ತಾ ನಕ್ಕಳು. ಹಿಂದಿನ ಸೀಟಿನಲ್ಲಿದ್ದ ಹೊಲಿಗೆಯಕ್ಕ ಅಲ್ಲೇ ಹೇಳಿದಳು, "ನಾಳೆಯಿಂದ ನಾನು ಬರ್ತೀನಿ ಮೇಷ್ಟ್ರೇ."

ಟ್ರಾಫಿಕ್ ಚಿಹ್ನೆಗಳ ಪರೀಕ್ಷೆ ಕಷ್ಟವಾಗಲಿಲ್ಲ. ಅದಕ್ಕೆ ಗಂಡನೇ ಕಾರಣ. ಅವಳು ಪುಸ್ತಕ ಹಿಡಿದು ತಡವರಿಸುವುದನ್ನು ಮಲಗಿದ್ದಲ್ಲಿಂದ ಎರಡು ದಿನ ಕೇಳಿಸಿಕೊಂಡ. ಮೂರನೆಯ ದಿನ ತಡೆಯಲಾರದೆ ಎದ್ದು ಬಂದು, ಕತ್ತರಿಸುವ ಮೇಜಿನ ಮೇಲೆ ಅವಳ ಸೀಮೆಸುಣ್ಣದಿಂದಲೇ ಎಲ್ಲ ಚಿಹ್ನೆಗಳನ್ನೂ ಬರೆದ. "ಇದೇನು?" ಎಂದರೆ "ಮುಂದೆ ಉಬ್ಬು." "ಇದು?" ಎಂದರೆ "ಮುಂದೆ ರಸ್ತೆ ಕಿರಿದು." "ಇದು?" ಎಂದರೆ, "ಅದು ನೀವು ಬರೆದ್ರೆ ಬಾತುಕೋಳಿ ಥರ ಕಾಣುತ್ತೆ, ಏನಂತ ಹೇಳ್ಲಿ?" ಅವನು ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದನಲ್ಲ ಎಂಬುದಕ್ಕೇ ಅವಳಿಗೆ ಆ ಚಿಹ್ನೆಗಳ ಮೇಲೆ ಪ್ರೀತಿ ಹುಟ್ಟಿತು. ಎಲ್ ಬೋರ್ಡಿನ ಕಾಗದ ಸಲೀಸಾಗಿ ಸಿಕ್ಕಿತು.

ಮೇಷ್ಟ್ರ ಪಾಠವೂ ಚೆನ್ನಾಗಿಯೇ ಸಾಗಿತು. ಕ್ಲಚ್ಚನ್ನು ಅರ್ಧ ಬಿಡಿ ಎಂದರೆ ಅರ್ಧವೇ ಬಿಡುತ್ತಿದ್ದಳು. ಮೆಷಿನ್ನು ತುಳಿದ ಕಾಲಿಗೆ ಕಾಲು, ಅರೆ, ಮುಕ್ಕಾಲಿನ ಲೆಕ್ಕ ಹೇಳಿಕೊಡಬೇಕೇ? "ಇಂಥಾ ಕಾಲು ನಾನು ನೋಡೇ ಇಲ್ಲ ತಾಯಿ" ಎಂದು ಮೇಷ್ಟ್ರು ಮೊದಲ ವಾರವೇ ಮೆಚ್ಚಿದರು. ಮುಂದೆ ಕೆಂಪು ದೀಪ ಕಂಡು ಸಾವಕಾಶವಾಗಿ ನಿಲ್ಲಿಸುವಾಗ ಕಾಲೇ ಬ್ರೇಕಿಗೆ ಹೋಗುತ್ತಿತ್ತು. ಆದರೆ ಯಾರಾದರೂ ತಟ್ಟನೆ "ನಿಲ್ಸಿ" ಎಂದರೆ ಸಾಕು, ಕಾಲು ಮೇಲೆ, ಕೈ ಹಾರ್ನಿನ ಮೇಲೆ. ಮೇಷ್ಟ್ರು ಬೆಚ್ಚಿ ಹ್ಯಾಂಡ್‌ಬ್ರೇಕ್ ಎಳೆಯುತ್ತಿದ್ದರು. ಯಾಕೆಂದು ಅವರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಬೀದಿಯ ಮಕ್ಕಳು ಪೋಂ ಪೋಂ ಅಕ್ಕ ಎಂದು ಹೊಸ ಹೆಸರಿಟ್ಟರು.

ಟೆಸ್ಟಿನ ದಿನ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು ಹಾಳೆ, ಪೆನ್ನು ಹಿಡಿದರು. ಎಂಟರ ಆಕಾರ ಸುತ್ತಿದಳು, ಹಿಂದಕ್ಕೆ ತಂದಳು, ದಿಬ್ಬ ಹತ್ತಿಸಿದಳು, ಎಲ್ಲವೂ ಅಚ್ಚುಕಟ್ಟು. ಕೊನೆಯಲ್ಲಿ ಬಿಳಿ ಗೆರೆಯ ಹತ್ತಿರ ಅವರು ಇದ್ದಕ್ಕಿದ್ದಂತೆ "ಸ್ಟಾಪ್!" ಎಂದರು. ಪೋಂ! ಕಾರು ಗೆರೆ ದಾಟಿ, ಪ್ಲಾಸ್ಟಿಕ್ಕಿನ ಕಂಬವೊಂದನ್ನು ಮಲಗಿಸಿ, ಮೂರು ಮಾರು ಮುಂದೆ ಹೋಗಿ ಆಫ್ ಆಯಿತು. ಇನ್ಸ್‌ಪೆಕ್ಟರು "ನಿಲ್ಸಿ ಅಂದಿದ್ದು ನಾನು. ನನಗೆ ಯಾಕಮ್ಮ ಹಾರ್ನ್ ಹೊಡೀತೀರಿ?" ಎಂದು ಕೇಳಿದರು. ಫೇಲು. ಮತ್ತೆ ಟೆಸ್ಟು ಕೊಡಲು ಎರಡು ವಾರ ಕಾಯಬೇಕು. ಪೇಂಟರ್ ಹೊರಡಲು ಉಳಿದಿದ್ದದ್ದು ಹದಿನೇಳು ದಿನ.

ಮನೆಗೆ ಬಂದು ಅವಳು ಅಳಲಿಲ್ಲ, ಮೆಷಿನ್ನಿಗೆ ಕೂತಳು. ಗಂಡ ಬಾಗಿಲಿಗೆ ಬಂದು ನಿಂತು ಅವಳ ಮುಖ ನೋಡಿ, ಒಳಗೆ ಹೋಗಿ ಮತ್ತೆ ಗೋಡೆಯ ಕಡೆ ಮಲಗಿದ. ಇನ್ನು ಎರಡು ವಾರದಲ್ಲಿ ವ್ಯಾನು ಕೇಳಿಕೊಂಡು ಯಾರಾದರೂ ಬರುತ್ತಾರೆ ಎಂದು ಅವಳಿಗೆ ಅನ್ನಿಸಿತು.

ಮಾರನೆಯ ದಿನ ಮೆಲ್ಲಗೆ ಮೇಷ್ಟ್ರು ಬಂದರು. ಕೈಯಲ್ಲಿ ಹೊಸ ಪ್ಯಾಂಟು. "ಉದ್ದ ಆಗಿದೆ ತಾಯಿ, ಕೆಳಗೆ ಮಡಚಿ ಹೊಲಿದು ಕೊಡಿ" ಎಂದರು. ಪ್ಯಾಂಟು ನೆಪ, ಶಿಷ್ಯೆ ಹೇಗಿದ್ದಾಳೆಂದು ನೋಡಲು ಬಂದಿದ್ದರು. ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾ ಅವಳ ಹೊಲಿಗೆ ನೋಡಿದರು. ಎರಡೂ ಕಾಲು ಪೆಡಲಿನ ಮೇಲೆ ಆಡುತ್ತಿದ್ದವು, ಬಟ್ಟೆ ಓಡುತ್ತಿತ್ತು. ಅಂಚು ಮುಗಿಯುವ ಜಾಗ ಬಂತು. ಅವಳು ಕಾಲು ಸಡಿಲ ಬಿಟ್ಟು, ಬಲಗೈಯನ್ನು ಪಟ್ಟನೆ ಮೆಷಿನ್ನಿನ ಚಕ್ರದ ಮೇಲಿಟ್ಟು ಒತ್ತಿದಳು. ಮೆಷಿನ್ನು ನಿಂತಿತು.

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. "ಇನ್ನೊಂದು ಸಲ ಮಾಡಿ."

"ಏನು ಮೇಷ್ಟ್ರೇ?"

"ನಿಲ್ಸೋದು."

ಅವಳು ಮತ್ತೆ ತುಳಿದಳು, ಮತ್ತೆ ನಿಲ್ಲಿಸಿದಳು. ಕಾಲು ಸಡಿಲ, ಅಂಗೈ ಚಕ್ರದ ಮೇಲೆ. ಮೇಷ್ಟ್ರು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದರು. ಒಳಗಿನಿಂದ ಗಂಡ ಎದ್ದು ಬಂದ. "ಎಷ್ಟು ವರ್ಷದಿಂದ ಹೀಗೆ ನಿಲ್ಲಿಸ್ತಿದೀರಿ ತಾಯಿ?" ಎಂದು ಮೇಷ್ಟ್ರು ಕೇಳಿದರು. "ಮೂವತ್ತೈದು ವರ್ಷ" ಎಂದಳು ಅವಳು. ಹಾಗೆನ್ನುತ್ತಲೇ ಅವಳಿಗೂ ಹೊಳೆಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹದಿನಾರರ ಹುಡುಗಿಯಾಗಿದ್ದಾಗ ಹೊಲಿಗೆ ಕಲಿಸಿದ ಯಜಮಾನಿ, ಕಾಲಿನಿಂದ ನಿಲ್ಲಿಸಿದರೆ ಚಕ್ರ ಹಿಂದಕ್ಕೆ ಹೊಡೆದು ದಾರ ತುಂಡಾಗುತ್ತದೆ ಎಂದು ಅಡಿಕೋಲಿನಿಂದ ಕಾಲಿಗೆ ತಟ್ಟಿ ತಟ್ಟಿ ಕಲಿಸಿದ್ದ ವಿದ್ಯೆ ಅದು. ಕಾಲು ಓಡಿಸಲಿಕ್ಕೆ, ಕೈ ನಿಲ್ಲಿಸಲಿಕ್ಕೆ.

"ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಕೈ ಅದರ ಕೆಲಸ ಅದು ಮಾಡ್ತಿದೆ, ಅಷ್ಟೇ" ಎಂದರು ಮೇಷ್ಟ್ರು. ಫೇಲಾದ ಮೇಲೆ ಅವಳಿಗೆ ಯಾರೂ ಹೇಳಿರದ ಮಾತು ಅದು. ಅವಳು ಅತ್ತಳು. ತನಗೆ ವಯಸ್ಸಾಯಿತು, ತಲೆ ಮಂಕಾಯಿತು ಎಂದು ಒಳಗೊಳಗೇ ನಂಬಿಬಿಟ್ಟಿದ್ದಳು. ಒಂದು ಪ್ಯಾಂಟು ಹಿಡಿದುಕೊಂಡು ಬಂದ ಮುದುಕ ಆ ಕಲ್ಲನ್ನು ಎದೆಯಿಂದ ಎತ್ತಿ ಆಚೆ ಇಟ್ಟಿದ್ದ.

ಮದ್ದನ್ನೂ ಅವರೇ ಹೇಳಿದರು. "ಕಾರಲ್ಲಿ ಕಲಿತರೆ ಆಗಲ್ಲ. ರೋಗ ಹುಟ್ಟಿದ್ದು ಇಲ್ಲಿ, ಇಲ್ಲೇ ಬಿಡಿಸಬೇಕು. ಹದಿಮೂರು ದಿನ ಚಕ್ರಕ್ಕೆ ಕೈ ತಾಗಿಸಬೇಡಿ. ಎರಡೂ ಕೈ ಬಟ್ಟೆ ಮೇಲೇ ಇರಲಿ. ನಿಲ್ಲಿಸೋದು ಕಾಲು."

ಸಲಹೆ ಕೊಡುವುದು ಸುಲಭ. ಮೊದಲ ದಿನ ನಾಲ್ಕು ಸೂಜಿ ಮುರಿದವು. ದಾರ ತುಂಡಾದದ್ದಕ್ಕೆ ಲೆಕ್ಕವಿಲ್ಲ. ದಿಂಬಿನ ಚೀಲದ ಬಾಯಿ ದಾಟಿ ಹೊಲಿಗೆ ಓಡಿಹೋಗಿ, ದಿಂಬು ತುರುಕಲು ದಾರಿಯೇ ಇಲ್ಲದ ಹಾಗೆ ನಾಲ್ಕೂ ಕಡೆ ಮುಚ್ಚಿಕೊಂಡಿತು. ಒಂದು ಹಸಿರು ಗೌನಿನ ತೋಳು ಬೆನ್ನಿಗೆ ಸೇರಿಕೊಂಡಿತು. ಇಡೀ ಬೀದಿಯಲ್ಲಿ ನೀಟಾದ ಹೊಲಿಗೆಗೆ ಹೆಸರಾದವಳು ಹೊಸದಾಗಿ ಕಲಿಯುವವಳಿಗಿಂತ ಕಡೆಯಾದಳು. ನಾಚಿಕೆಯಿಂದ ಆ ಬಟ್ಟೆಗಳನ್ನೆಲ್ಲ ಮೇಜಿನ ಕೆಳಗೆ ದೂಡಿದಳು.

ಗಂಡ ಅವನ್ನು ಎಳೆದುಕೊಂಡ. ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು, ಬ್ಲೇಡು ತೆಗೆದುಕೊಂಡು, ತಪ್ಪು ಹೊಲಿಗೆ ಬಿಚ್ಚಲು ಕೂತ. ಎದುರಿಗಿರುವುದು ಅವನಿಗೆ ಕಾಣುತ್ತಿತ್ತಲ್ಲ. ಮೂಗಿನ ನೇರಕ್ಕೆ ಹಿಡಿದು ಒಂದೊಂದೇ ದಾರ ಎಳೆದು, ಬಟ್ಟೆಗೆ ಗೀರು ಬೀಳದ ಹಾಗೆ ಬಿಚ್ಚುತ್ತಿದ್ದ. ಬಿಚ್ಚುತ್ತಾ ಬಿಚ್ಚುತ್ತಾ, ಅವಳು ಜೋರಾಗಿ ತುಳಿಯುತ್ತಿದ್ದಾಗ ತಟ್ಟನೆ "ಸ್ಟಾಪ್!" ಎನ್ನುತ್ತಿದ್ದ. ಮೊದಮೊದಲು ಬಲಗೈ ಹಾರಿಬಿಡುತ್ತಿತ್ತು. "ಪೋಂ" ಎಂದು ಅವನೇ ಬಾಯಲ್ಲಿ ಹೇಳುತ್ತಿದ್ದ. ಅವಳು ಕತ್ತರಿ ತೋರಿಸುತ್ತಿದ್ದಳು. ಆರನೆಯ ದಿನ ಕೈ ಅರ್ಧಕ್ಕೆ ಎದ್ದು ನಿಂತಿತು. ಒಂಬತ್ತನೆಯ ದಿನ ಏಳಲೇ ಇಲ್ಲ. ಹನ್ನೊಂದನೆಯ ದಿನ ಬಿಚ್ಚಲು ಏನೂ ಉಳಿಯದೆ, ಅವನು ಗುಂಡಿ ಹೊಲಿಯಲು ಕಲಿಸು ಎಂದ. ಆ ಎರಡು ವಾರದಲ್ಲಿ ಒಂದು ದಿನವೂ ಅವನು ಹಗಲು ಹೊತ್ತು ಮಲಗಲಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಹೇಳಿದರೆ ದೃಷ್ಟಿ ತಾಗೀತೆಂದು ಸುಮ್ಮನಿದ್ದಳು.

ಎರಡನೆಯ ಟೆಸ್ಟಿಗೂ ಅದೇ ಇನ್ಸ್‌ಪೆಕ್ಟರು. ಅವಳನ್ನು ನೋಡಿದ ಕೂಡಲೇ ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು. ಎಂಟು ಸುತ್ತಿದ್ದಾಯಿತು, ಹಿಂದಕ್ಕೆ ತಂದದ್ದಾಯಿತು, ದಿಬ್ಬ ಹತ್ತಿಸಿದ್ದಾಯಿತು. ಅವರು ಬಿಳಿ ಗೆರೆಯ ಹತ್ತಿರ ಏನೂ ಹೇಳಲಿಲ್ಲ. ಅವಳು ಉಸಿರು ಬಿಡುವಷ್ಟರಲ್ಲಿ, ಯಾವ ಗೆರೆಯೂ ಇಲ್ಲದ ಜಾಗದಲ್ಲಿ, "ಸ್ಟಾಪ್!" ಎಂದರು. ಬಲಗೈಯ ಬೆರಳು ಚಡಪಡಿಸಿದವು. ಅಷ್ಟೇ. ಕಾಲು ಕೆಳಗಿಳಿಯಿತು, ಕಾರು ಗಕ್ಕನೆ ನಿಂತಿತು, ಎಲ್ಲೆಡೆ ನಿಶ್ಶಬ್ದ.

"ಹಾರ್ನ್ ಎಲ್ಲಮ್ಮ?" ಎಂದರು ಇನ್ಸ್‌ಪೆಕ್ಟರು.

"ಮನೇಲೇ ಬಿಟ್ಟು ಬಂದೆ ಸಾರ್" ಎಂದಳು ಅವಳು. ಅವರು ನಗಲಿಲ್ಲ, ಆದರೆ ಹಾಳೆಯ ಮೇಲೆ ಪಾಸ್ ಎಂದು ಸ್ವಲ್ಪ ದೊಡ್ಡದಾಗಿಯೇ ಬರೆದರು.

ಮೇಷ್ಟ್ರಿಗೆ ಏನು ಕೊಡುವುದು? ಸಿಹಿ ಒಯ್ದರೆ ಸಕ್ಕರೆ ಕಾಯಿಲೆ ಎಂದರು. ಹೊಸ ಶರಟು ಹೊಲಿದು ಕೊಡುತ್ತೇನೆಂದರೆ ಇರುವುದೇ ಹರಿದಿಲ್ಲ ಎಂದರು. "ಮೇಷ್ಟ್ರೇ, ನೀವು ಬರೀ ಡ್ರೈವಿಂಗ್ ಕಲಿಸಲಿಲ್ಲ. ನನಗೆ ತಲೆ ಕೆಟ್ಟಿಲ್ಲ ಅಂತ ಹೇಳಿದ್ರಿ. ನನ್ನ ಗಂಡ ಎದ್ದು ಕೂತ್ರು" ಎಂದು ಒಂದೇ ಉಸಿರಿಗೆ ಹೇಳಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಮೆಲ್ಲಗೆ ತಾಯಿ, ಮೆಲ್ಲಗೆ" ಎಂದರು. ಪೇಂಟರ್ ಹೊರಡುವ ದಿನ ಅವನ ಕೆಲಸದ ಬಟ್ಟೆಗಳ ಹರುಕನ್ನೆಲ್ಲ ಹೊಲಿದು ಕೊಟ್ಟಳು. ಎರಡು ತಿಂಗಳು ಕಾದ ಉಗ್ರಾಣದ ಮೇಡಂಗೂ, ಕಾಲಿಗೆ ತಟ್ಟಿ ಹೊಲಿಗೆ ಕಲಿಸಿದ ಆ ಹಳೆಯ ಯಜಮಾನಿಗೂ ಮನಸ್ಸಿನಲ್ಲೇ ಕೈಮುಗಿದಳು. ಒಬ್ಬಳು ಹೆಂಗಸು ಒಂದು ಗಾಡಿ ನಿಲ್ಲಿಸಲು ಕಲಿಯಬೇಕಾದರೆ ಎಷ್ಟು ಜನ ಬೇಕು ನೋಡಿ.

ಸೋಮವಾರ ಬಂತು. ಬೆಳಿಗ್ಗೆ ಆರಕ್ಕೆ ಗಂಡ ವ್ಯಾನು ಒರೆಸಿದ. ಅವಳು ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ಅವನು ಬಾಯಿ ಬಿಡಲಿಲ್ಲ, ಅದಕ್ಕೆ ಅವನು ಪಟ್ಟ ಪಾಡು ಮುಖದಲ್ಲಿ ಕಾಣುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಅವಳು ಮೆಲ್ಲಗೆ ನಿಲ್ಲಿಸಿದಳು. ಗೇಟಿನ ಕಾವಲುಗಾರ ರಿಜಿಸ್ಟರ್ ಹಿಡಿದುಕೊಂಡು, ಗಂಡನ ಸಹಿಯೇ ಅಭ್ಯಾಸವಾಗಿದ್ದರಿಂದ ವ್ಯಾನು ಸುತ್ತಿ ಬಂದು ಅವನ ಕಡೆಯ ಕಿಟಕಿಗೇ ಚಾಚಿದ. "ಡ್ರೈವರ್ ಸೈನ್ ಹಾಕಿ ಸಾರ್."

ಪೇಂಟರ್ ಓಡಿಸಿದ ಎರಡು ತಿಂಗಳು ಬಿಟ್ಟರೆ ಇಪ್ಪತ್ತು ವರ್ಷ ಆ ಜಾಗದಲ್ಲಿ ಗಂಡನದೇ ಸಹಿ. ಅವನು ಪುಸ್ತಕವನ್ನು ಮುಖದ ನೇರಕ್ಕೆ ತಂದುಕೊಂಡ, ಪೆನ್ನು ತೆಗೆದುಕೊಂಡ. ಹಾಕಲಿ ಬಿಡು, ಅವನಿಗೆ ಅಷ್ಟಾದರೂ ಇರಲಿ ಎಂದುಕೊಂಡು ಅವಳು ಬೇರೆ ಕಡೆ ನೋಡಿದಳು. ಪೆನ್ನಿನ ಸದ್ದು ನಿಂತ ಮೇಲೆ ಅವನು ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟ. ಡ್ರೈವರ್ ಎಂದಿದ್ದ ಜಾಗ ಖಾಲಿ ಇತ್ತು. ಅದರ ಪಕ್ಕದ ಸಾಲಿನಲ್ಲಿ, ಜೊತೆಗೆ ಬಂದ ಸಹಾಯಕರು ಎಂದಿದ್ದ ಕಡೆ, ಅವನ ಸಹಿ ಇತ್ತು.

"ಡ್ರೈವರ್ ನಾನಲ್ಲಪ್ಪ, ನನ್ನ ಹೆಂಡತಿ" ಎಂದ ಅವನು ಕಾವಲುಗಾರನಿಗೆ.

ಅವಳು ಸಹಿ ಹಾಕಿದಳು. ಉಗ್ರಾಣದ ಬಾಗಿಲಿಗೆ ವ್ಯಾನು ತಂದು ನಿಲ್ಲಿಸಿ, ಇಷ್ಟು ವರ್ಷದ ರೂಢಿಯಂತೆ ಗಂಟು ಇಳಿಸಲು ಅವಳು ಕೆಳಗಿಳಿಯಹೋದಳು. ಅಷ್ಟರಲ್ಲಿ ಅವನು ಆ ಕಡೆಯಿಂದ ಇಳಿದಾಗಿತ್ತು. ವ್ಯಾನಿಗೆ ಒಂದು ಕೈ ತಾಗಿಸಿಕೊಂಡು ಹಿಂದಿನ ಬಾಗಿಲಿಗೆ ನಡೆಯುತ್ತಾ, "ನೀನು ಕೂತ್ಕೋ" ಎಂದ. "ಇಳಿಸೋದು ನನ್ನ ಕೆಲಸ."